ಮೂರು ದಿನದ ಕಾದಂಬರಿ

ಅತ್ತಿಗೆಯ ಬಲಗೈ ಹೆಬ್ಬೆರಳು ಬೂದಿಯಲ್ಲಿ ಪಾತ್ರೆ ತಿಕ್ಕಿ ತಿಕ್ಕಿ ಸೀಳುಬಿಟ್ಟಿತ್ತು. ಪುಟ ಮಗುಚುವಾಗ ಕಾಗದ ಆ ಸೀಳಿಗೆ ಸಿಕ್ಕಿ ‘ಚರ್’ ಎನ್ನುತ್ತಿತ್ತು. ಹಿತ್ತಿಲ ಜಗಲಿಯಿಂದ ಆ ಸದ್ದು ಕೇಳಿದರೆ ಅವರು ಮುಟ್ಟಾಗಿ ಹೊರಗೆ ಕೂತಿದ್ದಾರೆ, ಇವತ್ತು ಅಡುಗೆ ಅಮ್ಮನದು ಎಂದು ಅರ್ಥ.

ಹೊಳೆನರಸೀಪುರದ ನಮ್ಮ ಮನೆಯಲ್ಲಿ ಅತ್ತಿಗೆಗೆ ಓದಲು ಸಿಗುತ್ತಿದ್ದುದು ತಿಂಗಳಿಗೆ ಆ ಮೂರೇ ದಿನ. ಮಿಕ್ಕ ದಿನ ಒಲೆ, ಒರಳು, ಬಾವಿ. ಸಾಲದ್ದಕ್ಕೆ ಅಮ್ಮನ ಮಡಿ. “ಊರೋರೆಲ್ಲ ಮುಟ್ಟಿದ ಪುಸ್ತಕ, ಒಳಗೆ ತರಬೇಡ್ರೇ” ಎನ್ನುತ್ತಿದ್ದಳು. ಐವತ್ತರ ದಶಕದ ಕೊನೆ ಅದು. ನಮ್ಮ ಬೀದಿಯಿಂದ ರೈಲು ಹತ್ತಿ ಹಾಸನದ ಕಾಲೇಜಿಗೆ ಹೋಗುತ್ತಿದ್ದ ಹುಡುಗಿ ನಾನೊಬ್ಬಳೇ. ಬರುವಾಗ ಬಾಡಿಗೆ ಪುಸ್ತಕದ ಅಂಗಡಿಯಿಂದ ಒಂದು ಪತ್ತೇದಾರಿ ಕಾದಂಬರಿ ತಂದು ಅವರ ಚಾಪೆಯ ಪಕ್ಕ ಹಾಕುತ್ತಿದ್ದೆ. ಅತ್ತಿಗೆ ಮೊದಲು ನೋಡುತ್ತಿದ್ದುದು ಅದರ ದಪ್ಪವನ್ನು.

“ಮೊದಲನೇ ದಿನ ಕೊಲೆ, ಎರಡನೇ ದಿನ ಅನುಮಾನ, ಮೂರನೇ ದಿನ ಸಾಯಂಕಾಲಕ್ಕೆ ಕೊಲೆಗಾರ ಸಿಕ್ಕಿಬಿಡ್ಬೇಕು ಕಣೇ. ನಾಲ್ಕನೇ ದಿನಕ್ಕೆ ಎಳೆದ್ರೆ, ಬರೆದೋನು ಜನ್ಮದಲ್ಲಿ ಅಡುಗೆ ಮಾಡಿಲ್ಲ ಅಂತ ಅರ್ಥ!”

ಒಮ್ಮೆ ಬೇಕೆಂದೇ ದಪ್ಪನೆಯದೊಂದನ್ನು ತಂದೆ. ನನಗೆ ಕಾಲೇಜಿನ ಜಂಬ. ಒಳ್ಳೆಯ ಪುಸ್ತಕ ಉದ್ದವೇ ಇರಬೇಕೆಂದು ವಾದಿಸಿದ್ದೆ. ನಾಲ್ಕನೆಯ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಅವರು ಒಳಗೆ ಬಂದಾಗ ಇನ್ನೂ ಮೂವತ್ತು ಪುಟ ಉಳಿದಿತ್ತು. ಪುಸ್ತಕ ಅಂಗಡಿಗೆ ವಾಪಸಾಯಿತು. ದೋಸೆಗೆ ರುಬ್ಬುತ್ತಲೇ ಕೇಳಿದರು, “ಜಮೀನ್ದಾರನ್ನ ಕೊಂದೋನು ಯಾರೇ?”

“ಹೇಳಿದ್ರೆ ಸ್ವಾರಸ್ಯ ಹೋಗುತ್ತೆ ಅತ್ತಿಗೆ. ಮುಂದಿನ ತಿಂಗಳು ನೀವೇ ಓದ್ಕೊಳ್ಳಿ.”

ಮುಂದಿನ ತಿಂಗಳು ಅವರು ಹೊರಗೆ ಕೂರಲಿಲ್ಲ. ಮದುವೆಯಾಗಿ ಆರು ವರ್ಷದ ಮೇಲೆ ನಿಂತ ಬಸಿರು. ಅಮ್ಮ ಕಂಡ ದೇವರಿಗೆಲ್ಲ ತುಪ್ಪದ ದೀಪ ಹಚ್ಚಿದಳು. ಅತ್ತಿಗೆ ಮಾತ್ರ ನನ್ನ ಕಿವಿಯಲ್ಲಿ, “ನನ್ನ ಮೂವತ್ತು ಪುಟ ಹೋಯ್ತಲ್ಲೇ” ಎಂದು ನಕ್ಕರು.

ಸೀಮಂತದ ದಿನ ಹೂ ಮುಡಿಸಲು ಬಗ್ಗಿದೆ. ಹಸೆಯ ಮೇಲೆ ಕೂತವರು ಪಿಸುಗುಟ್ಟಿದರು: “ಜಮೀನ್ದಾರನ್ನ ಕೊಂದೋನು ಆ ಡಾಕ್ಟರೇ ತಾನೆ? ಒಂದು ಹೂಂ ಅನ್ನು, ಸಾಕು.”

ನಾನು ತುಟಿ ಬಿಗಿದು ನಕ್ಕೆ.

“ಹೋಗ್ಲಿ ಬಿಡು. ಹೆತ್ತ ಮೇಲೆ ಹತ್ತು ದಿನ ಪುರುಡು, ಒಲೆ ಹತ್ರ ಯಾರೂ ಬಿಡಲ್ಲ. ಬಾಣಂತಿ ಓದಿದ್ರೆ ಕಣ್ಣು ಕೆಡುತ್ತೆ ಅಂತಾರೆ, ಕದ್ದು ಓದ್ತೀನಿ. ಚನ್ನರಾಯಪಟ್ಟಣಕ್ಕೆ ತಂದ್ಕೊಡು” ಎಂದು ಹೇಳಿ ತವರಿಗೆ ಹೊರಟರು.

ಗಂಡುಮಗುವಾದ ಸುದ್ದಿ ಬಂದೊಡನೆ, ಮತ್ತೆ ಬಾಡಿಗೆಗೆ ತಂದಿಟ್ಟಿದ್ದ ಅದೇ ಪುಸ್ತಕ ಹಿಡಿದು ಬಸ್ಸು ಹತ್ತಿದೆ. ನಾನು ಹೋಗುವಷ್ಟರಲ್ಲಿ ಅತ್ತಿಗೆ ಇರಲಿಲ್ಲ. ರಕ್ತ ನಿಲ್ಲಲೇ ಇಲ್ಲವಂತೆ. ಒಳಕೋಣೆಯಲ್ಲಿ ಮಗು ಅಳುತ್ತಿತ್ತು. ಪುಸ್ತಕವನ್ನು ಚೀಲದಿಂದ ಹೊರಗೆ ತೆಗೆಯದೆ ಹಿಂದಕ್ಕೆ ತಂದೆ.

ಮುಂದೆ ನಾನೇ ಪತ್ತೇದಾರಿ ಕಾದಂಬರಿ ಬರೆಯುವವಳಾದೆ. ಪ್ರಕಾಶಕರು “ಇನ್ನೊಂದೈವತ್ತು ಪುಟ ಎಳೀರಿ ಅಮ್ಮಾ” ಎಂದಾಗಲೆಲ್ಲ ಸಿಟ್ಟು ಬರುತ್ತದೆ. ಮೂರು ದಿನದಲ್ಲಿ ಓದಿ ಮುಗಿಯದ್ದನ್ನು ಅಚ್ಚಿಗೆ ಕೊಟ್ಟವಳಲ್ಲ. ಆದರೆ ಈಗ ಎಷ್ಟು ಚಿಕ್ಕದಾಗಿ ಬರೆದರೇನು ಬಂತು? ಕೊಂದವನು ಡಾಕ್ಟರೇ. ಅತ್ತಿಗೆ ಸರಿಯಾಗಿಯೇ ಹೇಳಿದ್ದರು. ಅವತ್ತು ಒಂದು ಹೂಂ ಅನ್ನುವುದಕ್ಕೆ ನನಗೇನು ದಾಡಿ ಬಂದಿತ್ತು?