ರಬ್ಬರ್ ಬೂಟು ಹಾಕಿಸಿದ್ದು ನಾನೇ

ಕೂತಲ್ಲಿ ಕೂರುವ ಸ್ವಭಾವ ನನ್ನದಲ್ಲ. ಹೊಳೆನರಸೀಪುರದಲ್ಲಿ ಲೈನ್‌ಮನ್ ಆಗಿದ್ದಾಗ ನನ್ನ ಹೆಂಡತಿ, ಕಂಬದ ಮೇಲಿದ್ದಾಗ ಮಾತ್ರ ನೀವು ಒಂದು ಕಡೆ ಇರೋದು ಅಂತ ಆಡಿಕೊಳ್ಳುತ್ತಿದ್ದಳು. ನಗುವ ಮಾತೇ, ಆದರೆ ಕಾರಣ ಅವಳಿಗೂ ಗೊತ್ತಿತ್ತು. ಅರಕಲಗೂಡಿನ ಕಡೆ ಹೊಸದಾಗಿ ಲೈನ್ ಎಳೆಯುವಾಗ ನನ್ನ ಜೊತೆಯವನೊಬ್ಬ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ತಂತಿ ಮುಟ್ಟಿ, ನನ್ನ ಕಣ್ಣೆದುರೇ ಹೋಗಿಬಿಟ್ಟ. ಅವತ್ತಿನಿಂದ ಎಲ್ಲಿ ಏನಾಗುತ್ತದೋ ಅಂತ ಅಲೆಯುವುದೇ ಆಯಿತು, ಕರೆಂಟಿನ ಹತ್ತಿರ ಬರಿಗಾಲು ಕಂಡರೆ ನನಗೆ ಮೈ ಉರಿಯುತ್ತಿತ್ತು. ಕಾಲಿಗೆ ರಬ್ಬರ್ ಬೂಟು, ಕೈಗೆ ರಬ್ಬರ್ ಗವಸು. ಬೇರೆ ಶಾಸ್ತ್ರ ನನಗೆ ಬೇಕಿರಲಿಲ್ಲ.

ನನ್ನ ಅಕ್ಕನ ಗಂಡ ಕಟ್ಟಾಯದವನು. ಹಾಸನದಲ್ಲಿ ಕಬ್ಬಿಣದ ಮಂಚ, ಬೀರು ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಬಣ್ಣ ಹೊಡೆಯುವ ಕೆಲಸದಲ್ಲಿದ್ದ. ಸಾಹುಕಾರರು ಚನ್ನರಾಯಪಟ್ಟಣದ ಕಡೆಯವರು, ಹೊಸದೇನಾದರೂ ಕಂಡರೆ ಬಿಡುವವರಲ್ಲ. ಅರವತ್ತರ ದಶಕ ಮುಗಿಯುತ್ತಾ ಬಂದಾಗ ಬೊಂಬಾಯಿಯಿಂದ ಒಂದು ಬಣ್ಣದ ಯಂತ್ರ ತರಿಸಿದರು. ನೋಡಲು ಪಿಸ್ತೂಲಿನ ಹಾಗೆ. ಅದರ ಮೂತಿಯಲ್ಲಿ ಸಾವಿರಾರು ವೋಲ್ಟ್. ಬಣ್ಣದ ಹನಿಗೆ ವಿದ್ಯುತ್ತು ಹತ್ತಿ, ಸರಪಳಿಯಲ್ಲಿ ನೇತುಹಾಕಿದ ಮಂಚದ ಕಾಲಿಗೆ ಅದು ತಾನಾಗಿಯೇ ಹೋಗಿ ಅಂಟುತ್ತಿತ್ತು. ಎದುರಿಗೆ ನಿಂತು ಹೊಡೆದರೆ ಹಿಂಬದಿಗೂ ಬಣ್ಣ ಕೂರುತ್ತಿತ್ತು. ಮಂಚಕ್ಕೆ ಕಟ್ಟಿದ ಸರಪಳಿಯಿಂದ ಒಂದು ತಾಮ್ರದ ತಂತಿ ನೆಲದೊಳಕ್ಕೆ ಇಳಿದಿತ್ತು.

ಯಂತ್ರಕ್ಕೆ ಪೂಜೆ ಆಯಿತು. ಅದರ ಜೊತೆ ಬಂದಿದ್ದ ಇಂಗ್ಲಿಷಿನ ಸೂಚನೆಯ ಹಾಳೆಗೆ ಸಾಹುಕಾರರು ಗಾಜು ಹಾಕಿಸಿ ಗೋಡೆಗೆ ತೂಗುಹಾಕಿ, ಅದಕ್ಕೂ ಅರಿಶಿನ ಕುಂಕುಮ ಇಡಿಸಿದರು. ಓದಿದವರು ಯಾರೂ ಇಲ್ಲ. ಪೂಜೆ ಮಾಡಿದ ಜಾಗ ಅಂತ ಭಾವ ಮೆಟ್ಟು ಹೊರಗೆ ಬಿಟ್ಟು, ಬರಿಗಾಲಲ್ಲಿ, ನೀರು ಚಿಮುಕಿಸಿದ ಸಿಮೆಂಟು ನೆಲದ ಮೇಲೆ ನಿಂತು ಬರಿಗೈಯಲ್ಲಿ ಪಿಸ್ತೂಲು ಹಿಡಿಯುತ್ತಿದ್ದ.

ಮೊದಲ ಸಲ ಅದನ್ನು ನೋಡಿದಾಗ ಅರಕಲಗೂಡಿನ ಆ ಒದ್ದೆ ನೆಲವೇ ಕಣ್ಣಿಗೆ ಬಂತು. ಅಲ್ಲೇ ಕೂಗಾಡಿದೆ. ಸಾಹುಕಾರರ ಮುಂದೆಯೇ ಭಾವನನ್ನು ಬುದ್ಧಿಗೇಡಿ ಅಂದೆ. ಮಾರನೆಯ ವಾರ ನನ್ನದೇ ಒಂದು ಜೊತೆ ರಬ್ಬರ್ ಬೂಟು, ಗವಸು ತಂದು, ಪೂಜೆಯ ಜಾಗ, ಬೇಡ ಅಂತ ಭಾವ ಅಂದರೂ ಬಿಡದೆ ನಿಂತುಕೊಂಡು ಹಾಕಿಸಿದೆ. ಅಷ್ಟಕ್ಕೂ ನೆಮ್ಮದಿಯಿಲ್ಲ. ವಾರಕ್ಕೆ ಎರಡು ಸಲ, ಯಾವಾಗಲೂ ಅದೇ ದಿನಗಳಲ್ಲಿ, ಏನಾದರೂ ನೆಪ ಹೂಡಿ ರೈಲು ಹತ್ತಿ ಹಾಸನಕ್ಕೆ ಹೋಗುತ್ತಿದ್ದೆ. ಷೆಡ್ಡಿನ ಬಾಗಿಲಲ್ಲಿ ನಿಂತು ಭಾವನ ಕಾಲು ನೋಡುತ್ತಿದ್ದೆ. ಬೂಟು ಇದ್ದರೆ ಸರಿ, ಅಕ್ಕನ ಮನೆಯಲ್ಲಿ ಒಂದು ಲೋಟ ಕಾಫಿ ಕುಡಿದು ಊರಿಗೆ ಬರುತ್ತಿದ್ದೆ.

ಬೇಸಿಗೆಯ ಒಂದು ಬೆಳಿಗ್ಗೆ ಹಾಗೇ ಹೋಗಿದ್ದೆ. ಬೂಟು ಇತ್ತು, ಗವಸೂ ಇತ್ತು. ನಿಂತಲ್ಲಿ ನಿಲ್ಲಲಾರದೆ ಅಂಗಳದಲ್ಲಿ ಒಂದು ಸುತ್ತು ಹಾಕೋಣ ಅಂತ ತಿರುಗಿದೆ. ಅಷ್ಟರಲ್ಲಿ ಹಿಂದಿನಿಂದ ಚಟ್ ಅಂತ ಒಂದು ಸಣ್ಣ ಸದ್ದು, ಅದರ ಬೆನ್ನಿಗೇ ಭಗ್ ಅಂತ ಬೆಂಕಿ. ಭಾವ ಪಿಸ್ತೂಲು ಕೆಳಗಿಟ್ಟು, ಬಲಗೈಯ ಗವಸು ಕಳಚಿ, ಬಣ್ಣ ತೆಳು ಮಾಡಲು ಬೆರೆಸುವ, ಪೆಟ್ರೋಲಿನ ಹಾಗೆ ಹತ್ತಿಕೊಳ್ಳುವ ತಿನ್ನರ್ ಡಬ್ಬಕ್ಕೆ ಕೈ ಹಾಕಿದ್ದನಂತೆ. ಬಾಗಿಲ ಹತ್ತಿರ ನೆನೆಹಾಕಿದ್ದ ಗೋಣಿತಾಟನ್ನು ನಾನೂ ಇನ್ನಿಬ್ಬರೂ ಎಳೆತಂದು ಅವನ ಮೇಲೆ ಹೊದಿಸಿದೆವು, ಮರಳು ಸುರಿದೆವು. ಜೀವ ಉಳಿಯಿತು. ಬಲಗೈ ಮೊಣಕೈವರೆಗೆ ಸುಟ್ಟುಹೋಗಿತ್ತು.

ಮೊಳೆಗೆ ನೇತುಹಾಕಿದ್ದ ಭಾವನ ಅಂಗಿಯ ಜೇಬಿನಲ್ಲಿ ಬೀಡಿ ಕಟ್ಟು ಸಿಕ್ಕಿತು. ಸಾಹುಕಾರರಿಗೆ ಅಷ್ಟೇ ಸಾಕಾಯಿತು. ಬಣ್ಣದ ಷೆಡ್ಡಿನಲ್ಲಿ ಬೀಡಿ ಹಚ್ಚುವವನು ನಮಗೆ ಬೇಡ ಅಂದುಬಿಟ್ಟರು. ಆಸ್ಪತ್ರೆಯ ಜಗಲಿಯಲ್ಲಿ ಅಕ್ಕ ತಲೆ ಮೇಲೆ ಕೈ ಹೊತ್ತು ಕೂತಿದ್ದಳು. ಬೆಂಕಿ ಹಚ್ಚಿದವನು ಅಂತ ಹೆಸರು ಬಂದಮೇಲೆ ಹಾಸನದಲ್ಲಿ ಇನ್ಯಾರು ಕೆಲಸ ಕೊಡುತ್ತಾರೆ ಅನ್ನುವುದೇ ಅವಳ ಚಿಂತೆ. ಭಾವ ಹೇಳಿದ್ದು ಒಂದೇ ಮಾತು: ಬೀಡಿ ಹಚ್ಚಿಲ್ಲ, ಬೆರಳ ತುದಿಯಿಂದ ಡಬ್ಬಕ್ಕೆ ಕಿಡಿ ಹಾರಿತು. ನಾನು ನಂಬಲಿಲ್ಲ. ರಬ್ಬರ್ ತೊಟ್ಟವನ ಬೆರಳಲ್ಲಿ ಕಿಡಿ ಎಲ್ಲಿಂದ ಬರಬೇಕು? ನನ್ನ ರಬ್ಬರ್ ಸುಳ್ಳು ಹೇಳುವುದಿಲ್ಲ, ಭಾವ ಹೇಳಬಹುದು ಅಂತಲೇ ಅಂದುಕೊಂಡೆ. ಸುಟ್ಟ ಕೈಯವನನ್ನು ಮತ್ತೆ ಬೈದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮೂರು ದಿನ ಆಸ್ಪತ್ರೆಗೂ ಕಾರ್ಖಾನೆಗೂ ಸುಮ್ಮನೆ ಅಲೆದೆ. ಆ ಚಟ್ ಅನ್ನುವ ಸದ್ದು ಕಿವಿ ಬಿಡಲಿಲ್ಲ. ಅಂಥ ಸದ್ದು ನನ್ನ ಕಸುಬಿನಲ್ಲಿ ಕೇಳಿದ್ದೆ. ಬೀಡಿಯಿಂದ ಅದು ಬರುವುದಿಲ್ಲ.

ನಾಲ್ಕನೆಯ ದಿನ ಯಂತ್ರ ಮಾರಿದವರ ಕಡೆಯಿಂದ ಒಬ್ಬ ಇಂಜಿನಿಯರು ಬಂದರು. ಮೈಸೂರಿನ ಕಡೆಯವರು, ಕನ್ನಡ ಬರುತ್ತಿತ್ತು. ಮಸಿ ಹಿಡಿದ ಗೋಡೆಯಿಂದ ಆ ಗಾಜಿನ ಚೌಕಟ್ಟು ಇಳಿಸಿ, ಕುಂಕುಮವನ್ನು ಕರ್ಚೀಫಿನಲ್ಲಿ ಒರೆಸಿ, ನಮಗೆಲ್ಲ ಕನ್ನಡದಲ್ಲಿ ಓದಿ ಹೇಳಿದರು. ಹಿಡಿಯನ್ನು ಬರಿಗೈಯಲ್ಲೇ ಹಿಡಿಯಬೇಕು. ಕಾಲು ನೆಲಕ್ಕೆ ತಾಗಿರಬೇಕು, ನಡುವೆ ರಬ್ಬರ್ ಇರಬಾರದು. ಮಂಚ ನೇತುಹಾಕುವ ಸರಪಳಿಯ ಕೊಕ್ಕೆಯ ಮೇಲೆ ಒಣಗಿದ ಬಣ್ಣ ದಿನವೂ ಕೆರೆಯಬೇಕು, ಇಲ್ಲದಿದ್ದರೆ ಮಂಚಕ್ಕೂ ನೆಲಕ್ಕೂ ಸಂಬಂಧ ತಪ್ಪುತ್ತದೆ. ತಿನ್ನರ್ ಡಬ್ಬ ಷೆಡ್ಡಿನ ಹೊರಗಿರಬೇಕು. ಇಲ್ಲಿ ವೋಲ್ಟ್ ಹೆಚ್ಚಿದ್ದರೂ ಕರೆಂಟು ತೀರ ಕಡಿಮೆ, ಬರಿಗಾಲಿದ್ದರೆ ಅದು ಮೈಯಿಂದ ನೆಲಕ್ಕೆ ಇಳಿದುಹೋಗುತ್ತದೆ. ಮನುಷ್ಯ ನೆಲದಿಂದ ಬೇರೆಯಾದರೆ ಈ ವಿದ್ಯುತ್ತು ಅವನ ಮೈಯಲ್ಲೇ ತುಂಬಿಕೊಳ್ಳುತ್ತದೆ, ಲೋಹ ಮುಟ್ಟಿದಾಗ ಒಂದೇ ಸಲ ಹಾರುತ್ತದೆ. ಕಂಬದ ಮೇಲೆ ಕಾಯುವ ರಬ್ಬರೇ ಇಲ್ಲಿ ಕೊಲ್ಲುತ್ತದೆ ಅಂದರು. ಆಮೇಲೆ ಮೂಲೆಯಲ್ಲಿ ಬಿದ್ದಿದ್ದ ಅರೆಸುಟ್ಟ ಬೂಟನ್ನು ಕಾಲಿಂದ ತಳ್ಳಿ, ಇದನ್ನು ಯಾರು ತಂದದ್ದು ಅಂತ ಕೇಳಿದರು.

ಸಾಹುಕಾರರು ನನ್ನ ಮುಖ ನೋಡಿದರು. ಕರೆಂಟು ಬಲ್ಲವನು ಅಂತ ಎರಡು ತಾಲ್ಲೂಕಿನಲ್ಲಿ ನನಗೊಂದು ಹೆಸರಿತ್ತು.

"ನಾನೇ ಸಾ," ಅಂದೆ. "ಅವನು ಬ್ಯಾಡ ಅಂದ್ರೂ ನಾನೇ ಆಕ್ಸಿದ್ದು. ಬೀಡಿ ಮಾತು ಸುಳ್ಳು."

ಸಾಹುಕಾರರು, ಕೈ ವಾಸಿಯಾದಮೇಲೆ ಭಾವ ಕೆಲಸಕ್ಕೆ ಬರಲಿ ಅಂದರು. ನಾನು ಅಲ್ಲಿಂದ ಆಸ್ಪತ್ರೆಗೆ ಓಡಿದೆ. ಅಕ್ಕ ಕೇಳಿ ಕಣ್ಣೊರೆಸಿಕೊಂಡಳು. ಭಾವನ ಮುಂದೆ ನಿಂತು ತಪ್ಪಾಯಿತು ಅಂದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ.

"ಆ ಬೂಟ ಆಕ್ಕಂಡಾಗೆಲ್ಲ ಬೆರಳ ತುದೀಲಿ ಚುರ್ ಅನ್ನದು ಕಣ್ಲಾ," ಅಂದ. "ಬ್ಯಾರೆ ದಿನ ಆಕ್ಕತಿರ್ನಿಲ್ಲ. ನೀನು ಬರಾ ದಿನ ಮಾತ್ರ."

ಮತ್ತೆ ನನಗೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ.

"ಏಳಿದ್ರೆ ಕೇಳ್ತಿದ್ಯಾ? ಆಕ್ಕಂಡ್ರೆ ನೀನು ಒಂದು ಗಳಿಗೆ ನೆಮ್ಮದಿಯಾಗಿ ನಿಂತ್ಕತಿದ್ದೆ. ಅದಕ್ಕೇಯ."

ಏಳೆಂಟು ತಿಂಗಳು, ವಾರಕ್ಕೆ ಎರಡು ಸಲ. ಅಷ್ಟೂ ಸಲ ನಾನು ರೈಲು ಹತ್ತಿ ಹೋಗಿ, ಅವನನ್ನು ಬೆಂಕಿಯ ಪಕ್ಕ ನಿಲ್ಲಿಸಿ, ಕಣ್ಣಾರೆ ನೋಡಿ, ಸಮಾಧಾನ ಮಾಡಿಕೊಂಡು ಬಂದಿದ್ದೆ.