ಸೆರಗಿನ ಮರೆಯ ವ್ಯಾಪಾರ

ಇಂದು ಬೆಳಿಗ್ಗೆ ಕೋಲಾರದ ನನ್ನ ಬಾಡಿಗೆ ಕೋಣೆಯಲ್ಲಿ ಪೌಡರಿನ ಡಬ್ಬಿ ತೆರೆದವಳು ಹಾಗೇ ನಿಂತುಬಿಟ್ಟೆ. ಹನ್ನೊಂದಕ್ಕೆ ಕಾಲೇಜಿನ ಸಭೆ. ಹೊಸ ಪಠ್ಯದ ಬಗ್ಗೆ ವಾದಿಸಬೇಕಿತ್ತು. ಮುಖಕ್ಕೆ ಪೌಡರು ಬಳಿದವಳ ವಾದಕ್ಕೆ ತೂಕ ಕಡಿಮೆಯೇ? ನಗಬೇಡಿ. ಪರ, ವಿರೋಧ ಎರಡನ್ನೂ ನಾನೇ ಮಂಡಿಸಬಲ್ಲೆ. ತೀರ್ಪು ಮಾತ್ರ ಹೊಳೆಯುವುದಿಲ್ಲ. ಪೌಡರಿನ ವಾಸನೆಗೆ ಸರಸತ್ತೆ ನೆನಪಾದಳು.

ಸರಸತ್ತೆ ಅಪ್ಪನ ತಂಗಿ. ಗೌನಿಪಲ್ಲಿಯ ಹತ್ತಿರ ಅವಳದೊಂದು ಮಾವಿನ ತೋಪು. ತೋಪು ನೋಡಿಕೊಳ್ಳುತ್ತಿದ್ದವಳು ಅವಳು, ಮಂಡಿಗೆ ಹೋಗಿ ಮಾರುತ್ತಿದ್ದವರು ಮಾವ. ನಾನು ಡಿಗ್ರಿ ಓದುವಾಗ ಒಂದು ವರ್ಷ, "ಈ ಸಲ ನನ್ನ ಕಾಯಿ ನಾನೇ ಮಾರ್ತೀನಿ" ಎಂದು ಹಟ ಹಿಡಿದು ನನ್ನನ್ನೂ ಕರೆದುಕೊಂಡು ಶ್ರೀನಿವಾಸಪುರದ ಮಂಡಿಗೆ ಹೊರಟಳು. ರೇಷ್ಮೆ ಸೀರೆ, ಮುಡಿ ತುಂಬ ಕನಕಾಂಬರ, ಕೈತುಂಬ ಬಳೆ, ಮುಖಕ್ಕೆ ಪೌಡರು. ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಗೆದ್ದಿದ್ದ ನನಗೋ ಗಂಡುಹುಡುಗರ ಕ್ರಾಪು, ಅಣ್ಣನ ಶರ್ಟು.

"ಹಿಂಗ್ ಬಂದ್ರೆ ಯಾರತ್ತೆ ನಿನ್ನ ಲೆಕ್ಕಕ್ಕೆ ತಗೊಳ್ತಾರೆ?" ಎಂದೆ.

"ನಿನ್ನ ತಗೊಂಡ್ರಲ್ಲ! ಕಂಡಕ್ಟರ್ರು 'ಒಳಗ್ ಹೋಗಪ್ಪಾ' ಅಂದ."

ಆ ಮಂಡಿಯಲ್ಲಿ ದರವನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ಲಿನ ಮರೆಯಲ್ಲಿ ಕೊಳ್ಳುವವನೂ ಮಾರುವವನೂ ಕೈಹಿಡಿದು ಬೆರಳು ಒತ್ತಿ ದರ ತಿಳಿಸುತ್ತಾರೆ; ಪಕ್ಕದವನಿಗೂ ಗೊತ್ತಾಗದು. ವ್ಯಾಪಾರಿ ಅತ್ತೆಯನ್ನು ಮೇಲಿಂದ ಕೆಳಗೆ ನೋಡಿದ. ಹೆಗಲ ಟವೆಲ್ಲನ್ನು ಮಾತ್ರ ಇಳಿಸಲಿಲ್ಲ.

"ಏಮಮ್ಮಾ, ಯಜಮಾನ್ರು ಬರ್ಲಿಲ್ವಾ? ಹೆಂಗಸ್ರ ಕೈ ಹೆಂಗಮ್ಮಾ ಹಿಡಿಯೋದು? ಯಾರಾದ್ರೂ ಗಂಡಸ್ರನ್ನ ಕಳ್ಸು."

ನಾನು ಮುಂದೆ ಬಂದು ಸಮಾನತೆಯ ಬಗ್ಗೆ ಮೂರು ಅಂಶ ಮಂಡಿಸಿದೆ. ಆತ ಗಮನವಿಟ್ಟು ಕೇಳಿ, "ಪಾಪ, ಏನ್ ಚೆನ್ನಾಗ್ ಮಾತಾಡ್ತದೆ ಮಗು" ಎಂದು ನನಗೊಂದು ಟೀ ತರಿಸಿದ.

ಅಷ್ಟರಲ್ಲಿ ಅತ್ತೆ ತನ್ನ ಸೆರಗನ್ನೇ ಅವನ ಕೈಮೇಲೆ ಹಾಕಿ ಬೆರಳು ಹಿಡಿದೇಬಿಟ್ಟಳು. "ನನ್ನ ಬಳೆ ಕಚ್ಚಲ್ಲಣ್ಣ, ರೇಟ್ ಹೇಳು."

ಮಂಡಿಯೆಲ್ಲ ಗೊಳ್ಳೆಂದಿತು. ಅವನ ಕಿವಿಗಳು ಕೆಂಪಾದವು. ಎರಡೇ ಒತ್ತಿಗೆ ಒಪ್ಪಿ ಕೈ ಕಿತ್ತುಕೊಂಡ.

ಮರಳುವ ಬಸ್ಸಿನಲ್ಲಿ ನಾನು ಸುಮ್ಮನಿರಬಹುದಿತ್ತು. "ಅತ್ತೆ, ಅವನು ರೇಟಿಗೆ ಒಪ್ಪಿದ್ನಾ, ನಾಚ್ಕೊಂಡು ಒಪ್ಪಿದ್ನಾ? ಹೆಣ್ತನ ಮುಂದಿಟ್ಟು ಗೆದ್ರೆ ಅದು ಗೆಲುವಾ?"

ಅಲ್ಲಿಯವರೆಗೆ ನಗುತ್ತಿದ್ದ ಮುಖ ಸಣ್ಣದಾಯಿತು. "ನನ್ನ ಬಾದಾಮಿ ಮಾವಿನಕಾಯಿ ಚೆನ್ನಾಗಿತ್ತು ಕಣೇ. ಅವ್ರು ನನ್ನ ಸೆರಗು ನೋಡಿ ನಕ್ರು, ನೀನು ಹೆಣ್ತನ ಅಂತೀಯ. ಕಾಯಿ ವಿಷಯ ಒಬ್ರೂ ಎತ್ತಲಿಲ್ಲ."

ನನ್ನಲ್ಲಿ ಮರುವಾದವಿತ್ತು, ಯಾವ ಪಕ್ಷದ್ದೆಂದು ತಿಳಿಯಲಿಲ್ಲ. ಅವಳು ಸೆರಗು ಮರೆಮಾಡಿದ್ದು ಧೈರ್ಯಕ್ಕೋ, ಬೇರೆ ದಾರಿ ಇಲ್ಲದ್ದಕ್ಕೋ? ಈಗಲೂ ತಿಳಿಯದು.

ಇವತ್ತಿನ ಸಭೆ ಮುಗಿಯಿತು. "ನಿಮ್ಮ ಧೈರ್ಯ ಮೆಚ್ಚಬೇಕು ಮೇಡಂ" ಎಂದರು ಹಿರಿಯರು. ಪಠ್ಯದ ಬಗ್ಗೆ ಯಾರೂ ಮಾತಾಡಲಿಲ್ಲ. ಹೊರಗೆ ಬಂದು ಅತ್ತೆಗೆ ಫೋನ್ ಮಾಡಿ, ಆ ವರ್ಷದ ಕಾಯಿ ಅಷ್ಟು ಚೆನ್ನಾಗಿ ಬಂದದ್ದು ಹೇಗೆಂದು ಕೇಳಿದೆ. ಅತ್ತೆ, "ಹೂ ಕಚ್ಚೋ ಟೈಮಲ್ಲಿ..." ಎಂದು ಶುರುಮಾಡಿದಳು. ಅರ್ಧ ಗಂಟೆ. ನಾನು ನಡುವೆ ಒಮ್ಮೆಯೂ ಬಾಯಿ ಹಾಕಲಿಲ್ಲ.