ಕೊಳಾಯಿ ಎಂದು ಬರೆದ ಅರ್ಜಿ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕೂ ಊರುಗಳ ನೀರು ಕುಡಿದವಳು ನಾನು. ಪ್ರೈಮರಿ ಸ್ಕೂಲಿನ ಮೇಡಂ ಆದವಳಿಗೆ ವರ್ಗ ತಪ್ಪಿದ್ದಲ್ಲ. ಈಗ ಹೇಳುವುದು ಇವುಗಳಲ್ಲಿ ಯಾವ ಊರಿನ ಕಥೆ ಎಂದು ಹೇಳುವುದಿಲ್ಲ. ಆ ಮುನಿಸಿಪಾಲಿಟಿಯಲ್ಲಿ ಅಂದು ಕುರ್ಚಿ ಮೇಲೆ ಕೂತಿದ್ದವರ ಮಕ್ಕಳು ಇನ್ನೂ ಕೂತಿದ್ದಾರೆ. ಅಲ್ಲದೆ ಇದರಲ್ಲಿ ಅವರದಕ್ಕಿಂತ ನನ್ನ ತಪ್ಪೇ ದೊಡ್ಡದು.

ನಯಾಪೈಸೆ ಹೊಸದಾಗಿ ಬಂದು, ಸಂತೆಯಲ್ಲಿ ಜನ ಇನ್ನೂ ಆಣೆ ಲೆಕ್ಕದಲ್ಲೇ ಜಗಳವಾಡುತ್ತಿದ್ದ ಕಾಲ. ನಾನು ಆ ಊರಿಗೆ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹಿಡಿದು ಬಂದಿಳಿದೆ. ಗಂಡ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಬೀದಿಯ ಕೊನೆಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ, ಮುಂದೆ ಮೊಳಕಾಲೆತ್ತರದ ಜಗಲಿ. ಬೀದಿಯವರು ಕೆಟ್ಟವರಲ್ಲ. ಆದರೆ ಬೆಳಿಗ್ಗೆ ಖಾಲಿ ಬಿಂದಿಗೆ ಹಿಡಿದು ಹೊರಟ ಹೆಂಗಸರಿಗೆ ನಾನು ಎದುರಾದರೆ ಒಂದು ಗಳಿಗೆ ನಿಂತು, ಸೆರಗು ಸರಿಪಡಿಸುವ ನೆವದಲ್ಲಿ ಮುಖ ತಿರುಗಿಸುತ್ತಿದ್ದರು. ಶಕುನ ನೋಡುವವರ ಮೇಲೆ ನನಗೆ ಸಿಟ್ಟು ಬರುತ್ತಿತ್ತು. ಆಮೇಲೆ ಸಿಟ್ಟೂ ಹೋಗಿ, ಅವರೆಲ್ಲ ದಾಟಿದ ಮೇಲೆಯೇ ಬಾಗಿಲು ತೆಗೆಯುವುದನ್ನು ರೂಢಿ ಮಾಡಿಕೊಂಡೆ. ಭಾನುವಾರ ಬಂತೆಂದರೆ ಇಡೀ ದಿನ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ.

ಅವರು ಬಿಂದಿಗೆ ಹಿಡಿದು ಹೋಗುತ್ತಿದ್ದದ್ದು ಕೆರೆ ಏರಿಯ ಕೆಳಗಿದ್ದ ಬಾವಿಗೆ. ಊರಿನ ಮಿಕ್ಕ ಬೀದಿಗಳಿಗೆಲ್ಲ ನಲ್ಲಿ ಬಂದಿತ್ತು, ನಮ್ಮ ಬೀದಿಗೆ ಇಲ್ಲ. ಕಂದಾಯ ಮಾತ್ರ ನಮ್ಮ ಬೀದಿಯನ್ನು ಮರೆಯುತ್ತಿರಲಿಲ್ಲ. ನೀರಿನ ಮಾತು ತೆಗೆದರೆ ಮುನಿಸಿಪಾಲಿಟಿಯಲ್ಲಿ ದುಡ್ಡಿಲ್ಲ ಎನ್ನುತ್ತಿದ್ದವರು, ಆ ವರ್ಷ ಪಾರ್ಕಿನಲ್ಲಿ ಕಾರಂಜಿ ಕಟ್ಟಿಸುವುದಕ್ಕೆ ಹೊರಟರು. ಸಿಮೆಂಟಿನ ತಾವರೆ, ಅದರ ಸುತ್ತ ನಾಲ್ಕು ಸಿಮೆಂಟಿನ ಕೊಕ್ಕರೆ, ಕೊಕ್ಕರೆಗಳ ಬಾಯಿಂದ ನೀರು. ಯಾರೋ ಮಂತ್ರಿಗಳು ಬರುವವರಿದ್ದರಂತೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಬೀದಿಯ ಗಂಡಸರೆಲ್ಲ ಜಗಲಿಗಳ ಮೇಲೆ ಕೂತು ಬೈದರು. ಬೈದು ಬೀಡಿ ಹಚ್ಚಿಕೊಂಡರು.

ಅರ್ಜಿ ಬರೆಸಬೇಕೆಂದು ಹೊಳೆದದ್ದು ಎದುರುಮನೆಯ ಹುಡುಗಿಗೆ. ಹುಡುಗಿ ಎಂದರೆ ಮದುವೆಯಾಗಿ ಎರಡು ವರ್ಷದವಳು, ಶಾಂತಿಗ್ರಾಮದ ಕಡೆಯಿಂದ ಬಂದವಳು. ಗಂಡ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ. ಇಡೀ ಬೀದಿಯಲ್ಲಿ ನನಗೆ ಮುಖ ತಿರುಗಿಸದೆ ಇದ್ದವಳು ಅವಳೊಬ್ಬಳೇ. ನಾನು ಸ್ಕೂಲಿಗೆ ಹೊರಡುವ ಗಡಿಬಿಡಿಯಲ್ಲಿರುತ್ತೇನೆಂದು ತನ್ನ ನೀರಿನ ಜೊತೆ ನನಗೂ ಒಂದು ಬಿಂದಿಗೆ ತಂದು ಅಡುಗೆಮನೆಯಲ್ಲಿ ಇಳಿಸಿ ಹೋಗುತ್ತಿದ್ದಳು. ನಾನು ಬೇಡವೆಂದರೂ ಕೇಳಲಿಲ್ಲ. ಒಂದು ಸಂಜೆ ಅವಳೇ ಏಳೆಂಟು ಹೆಂಗಸರನ್ನು ಕರೆದುಕೊಂಡು ನನ್ನ ಜಗಲಿಗೆ ಬಂದಳು.

ನಾನು ಬರೆದೆ. ಬರೆಯುವಾಗ ನನ್ನ ಪಾಂಡಿತ್ಯ ಅಡ್ಡ ಬಂತು. ಬೀದಿಯಲ್ಲಿ ಎಲ್ಲರೂ ನಲ್ಲಿ ಎನ್ನುತ್ತಿದ್ದರು. ಸರ್ಕಾರದ ಕಾಗದಕ್ಕೆ ಅದು ತೀರ ಹಗುರ ಅನ್ನಿಸಿ, "ನಮ್ಮ ಬೀದಿಗೆ ಕೊಳಾಯಿ ಹಾಕಿಸಿಕೊಡಬೇಕೆಂದು ಸವಿನಯ ಪ್ರಾರ್ಥನೆ" ಎಂದು ದುಂಡಗೆ ಬರೆದೆ. ಸ್ಕೂಲಿನ ಮಸಿ ಪ್ಯಾಡು ತಂದು ಎಲ್ಲರ ಹೆಬ್ಬೆಟ್ಟು ಒತ್ತಿಸಿದೆ. ಎದುರುಮನೆಯವಳ ಹೆಬ್ಬೆಟ್ಟಿನಲ್ಲಿ ಅಡ್ಡಕ್ಕೊಂದು ಗೀಟಿತ್ತು. ಚಿಕ್ಕಂದಿನಲ್ಲಿ ಹುಲ್ಲು ಕೊಯ್ಯುವಾಗ ಕುಡುಗೋಲು ತಗುಲಿದ್ದಂತೆ. ತನ್ನ ಗುರುತು ಕಾಗದದ ಮೇಲೆ ಮೂಡಿದ್ದನ್ನು ಅವಳು ತುಂಬಾ ಹೊತ್ತು ನೋಡಿದಳು.

ಒಂದು ತಿಂಗಳಿಗೆ ಬೀದಿ ಅಗೆಯುವುದಕ್ಕೆ ಆಳುಗಳು ಬಂದರು. ಹೆಂಗಸರು ಅವರಿಗೆ ಮಜ್ಜಿಗೆ ಕೊಟ್ಟರು. ಕಬ್ಬಿಣದ ಕೊಳವೆ ಬೀದಿಯ ಈ ತುದಿಯಿಂದ ಆ ತುದಿಗೆ ಹೋಯಿತು, ಮಣ್ಣು ಮುಚ್ಚಿದರು, ಆಳುಗಳು ಗುದ್ದಲಿ ಹೊತ್ತು ಹೊರಟೇ ಹೋದರು. ನಲ್ಲಿ ಎಲ್ಲಿ? ಕೊಳವೆ ನೇರವಾಗಿ ಪಾರ್ಕಿಗೆ, ಕೊಕ್ಕರೆಗಳ ಹೊಟ್ಟೆಗೆ ಹೋಗಿತ್ತು. ನಾನು ಆಫೀಸಿಗೆ ಹೋಗಿ ಕೇಳಿದೆ. ಗುಮಾಸ್ತ ಫೈಲು ತೆಗೆದು ನನ್ನದೇ ದುಂಡಕ್ಷರ ತೋರಿಸಿದ.

"ಕೊಳಾಯಿ ಕೇಳಿದೀರಿ, ಕೊಳಾಯಿ ಹಾಕ್ಸಿದೀವಿ. ಇದರಲ್ಲಿ ನಲ್ಲಿ ಅಂತ ಎಲ್ಲಿದೆ ತೋರ್ಸಿ ಮೇಡಂ."

ಕೊಳಾಯಿ ಎಂದರೆ ಕೊಳವೆಯೂ ಹೌದು, ನಲ್ಲಿಯೂ ಹೌದು ಎಂದು ನಾನು ವಾದಿಸಿದೆ. ಅವನು ಅರ್ಜಿಯ ಮೂಲೆಯಲ್ಲಿ ಆಗಲೇ ಬಿದ್ದಿದ್ದ ಷರಾ ತೋರಿಸಿದ: ಸಾರ್ವಜನಿಕರ ಕೋರಿಕೆಯ ಮೇರೆಗೆ ಕೊಳಾಯಿ ಹಾಕಲಾಗಿದೆ, ಅರ್ಜಿ ವಿಲೇ. ಅಂದರೆ ಕಾರಂಜಿಯ ಖರ್ಚಿಗೆ ನಮ್ಮ ಹೆಬ್ಬೆಟ್ಟುಗಳೇ ನೆಪವಾಗಿದ್ದವು. ಮನೆಗೆ ಬಂದು ಅತ್ತೆ. ಹೇಗೆ ಮುಖ ತೋರಿಸಲಿ ಎನ್ನುವುದೇ ಚಿಂತೆ.

ಆದರೆ ಬೀದಿಯವರು ನನ್ನನ್ನು ಬೈಯಲಿಲ್ಲ. ಮುನಿಸಿಪಾಲಿಟಿಯನ್ನು ಬೈದರು. ಕಾರಂಜಿ ಬಿಟ್ಟ ದಿನ ಎಲ್ಲರೂ ನನ್ನ ಜಗಲಿಯಲ್ಲಿ ಸೇರಿ ಹೊಟ್ಟೆ ತುಂಬಾ ಬೈದು, ಇನ್ನೊಂದು ಅರ್ಜಿ ಬರೆಯಿರಿ ಎಂದರು. ಈ ಸಲ ನಲ್ಲಿ ಎಂದೇ ಬರೆದೆ, ಎರಡು ಸಲ ಬರೆದೆ. ಮತ್ತೆ ಎಲ್ಲರ ಹೆಬ್ಬೆಟ್ಟು ಬಿತ್ತು. ಮಾರನೆಯ ದಿನ ಸ್ಕೂಲು ಬಿಟ್ಟ ಮೇಲೆ ಹೋದರೆ ಆಫೀಸಿಗೆ ಬೀಗ ಬಿದ್ದಿತ್ತು. ಅರ್ಜಿಯನ್ನು ತಂದು ಅಡುಗೆಮನೆಯ ಗೋಡೆಯ ಗೂಡಿನಲ್ಲಿ ಕಾಪಿ ಪುಸ್ತಕಗಳ ಕೆಳಗಿಟ್ಟೆ.

ಆ ಸಂಜೆ ಅರ್ಜಿ ಏನಾಯಿತೆಂದು ಕೇಳಲು ಹೆಂಗಸರು ಬಂದರು. ಬಂದವರು ಕೂತರು. ಒಬ್ಬಳು ಅವರೆಕಾಯಿ ಸುಲಿಯುತ್ತಾ ತನ್ನ ಅತ್ತೆಯ ಕಥೆ ಹೇಳಿದಳು, ಇನ್ನೊಬ್ಬಳು ತಮ್ಮನ ಕಾಗದ ಓದಿಸಿಕೊಂಡಳು. ದೀಪ ಹಚ್ಚುವ ತನಕ ನನ್ನ ಜಗಲಿಯಲ್ಲಿ ನಗು. ಮಾರನೆಯ ದಿನವೂ ಬಂದರು. ಆ ದಿನ ಆಫೀಸು ತೆರೆದಿತ್ತು. ನಾನು ಅದರ ಮುಂದೆಯೇ ನಡೆದು ಬಂದಿದ್ದೆ, ಒಳಗೆ ಹೋಗಿರಲಿಲ್ಲ.

ಕೊಟ್ಟಿದ್ದೇನೆ, ನೋಡುತ್ತೇವೆ ಅಂದಿದ್ದಾರೆ ಎಂದುಬಿಟ್ಟೆ.

ಒಬ್ಬರೂ ಅನುಮಾನಪಡಲಿಲ್ಲ. ಆ ಆಫೀಸಿನ ಹೆಸರು ಎಷ್ಟು ಕೆಟ್ಟಿತ್ತೆಂದರೆ ನನ್ನ ಸುಳ್ಳಿಗೆ ಅದೇ ಜಾಮೀನಾಯಿತು. ನಾಳೆ ಕೊಡುತ್ತೇನೆ, ಈ ವಾರ ಕಳೆಯಲಿ ಎಂದುಕೊಳ್ಳುತ್ತಾ ಎರಡು ತಿಂಗಳು ತಳ್ಳಿದೆ. ನಲ್ಲಿ ಬಂದರೆ ಇವರೆಲ್ಲ ನಲ್ಲಿಯ ಹತ್ತಿರ ಸೇರುತ್ತಾರೆ, ನನ್ನ ಜಗಲಿಗೆ ಯಾರು ಬರುತ್ತಾರೆ? ಇಷ್ಟೇ ನನ್ನ ಲೆಕ್ಕ. ಇದನ್ನು ಬರೆಯುವುದಕ್ಕೆ ಈಗಲೂ ನಾಚಿಕೆಯಾಗುತ್ತದೆ. ಆದರೆ ಆ ಎರಡು ತಿಂಗಳಷ್ಟು ಸುಖವಾಗಿ ನಾನು ಆ ಊರಿನಲ್ಲಿ ಇನ್ನೆಂದೂ ಇರಲಿಲ್ಲ.

ಎದುರುಮನೆಯವಳು ಅಷ್ಟರಲ್ಲಿ ಬಸುರಿ. ಆದರೂ ನನ್ನ ಬಿಂದಿಗೆ ತಪ್ಪಿಸಲಿಲ್ಲ. ಮಿಕ್ಕವರಂತೆ ಅವಳು ಅರ್ಜಿಯ ಸುದ್ದಿಯನ್ನು ದಿನಾ ಕೇಳುತ್ತಿದ್ದವಳು, ಯಾಕೋ ನಡುವೆ ಕೇಳುವುದನ್ನು ಬಿಟ್ಟಳು. ಬೇಸತ್ತಿರಬೇಕು ಎಂದುಕೊಂಡೆ. ಒಂದು ಬೆಳಿಗ್ಗೆ ನಾನು ಸ್ಕೂಲಿಗೆ ಹೋಗುವಾಗ ಅವಳು ಕೆರೆ ಏರಿಯ ಮೆಟ್ಟಿಲ ಮೇಲೆ ಕೂತಿದ್ದಳು. ಪಕ್ಕದಲ್ಲಿ ತುಂಬಿದ ಎರಡು ಬಿಂದಿಗೆ. ಬಿಂದಿಗೆಯನ್ನು ಸೊಂಟಕ್ಕೆ ಎತ್ತಿಕೊಳ್ಳಲು ನೋಡಿದಳು, ಆಗಲಿಲ್ಲ, ಮತ್ತೆ ಕೂತಳು. ಆ ಎರಡರಲ್ಲಿ ಒಂದು ನನ್ನದು.

ಓಡಿಹೋಗಿ ನಾನೇ ಎರಡನ್ನೂ ಹೊತ್ತು ತಂದೆ. ಮಧ್ಯಾಹ್ನದ ಬಿಡುವಿನಲ್ಲಿ ಮನೆಗೆ ಬಂದು ಗೂಡಿನಿಂದ ಅರ್ಜಿ ತೆಗೆದು ಆಫೀಸಿಗೆ ಕೊಟ್ಟೆ. ಗುಮಾಸ್ತ ಓದಿ, ಈಗ ಸರಿಯಾಗಿದೆ ಎಂದ. ಕೌನ್ಸಿಲಿನ ಚುನಾವಣೆ ಹತ್ತಿರವಿತ್ತು. ಹದಿನೈದೇ ದಿನಕ್ಕೆ ನಲ್ಲಿ ಬಂತು. ಊರೆಲ್ಲ ಸೋಮಾರಿ ಎಂದು ಬೈಯುತ್ತಿದ್ದ ಆಫೀಸು ಹದಿನೈದು ದಿನದಲ್ಲಿ ಮಾಡಿದ್ದನ್ನು ನಾನು ಎರಡು ತಿಂಗಳು ಗೂಡಿನಲ್ಲಿಟ್ಟಿದ್ದೆ.

ನಲ್ಲಿಗೆ ಅರಿಶಿನ ಕುಂಕುಮ ಇಟ್ಟು ಕಾಯಿ ಒಡೆದ ದಿನ ಎದುರುಮನೆಗೆ ಬೀಗ. ಅದರ ಹಿಂದಿನ ವಾರ ಅವಳನ್ನು ಚೊಚ್ಚಲ ಹೆರಿಗೆಗೆಂದು ತವರಿಗೆ ಕರೆದುಕೊಂಡು ಹೋಗಿದ್ದರು. ಹೊರಡುವ ತನಕ ಅವಳು ಬಾವಿಯ ನೀರೇ ಹೊತ್ತಳು. ನಾನೆಣಿಸಿದಂತೆಯೇ ಬೀದಿಯ ಮಾತು, ನಗು, ಅವರೆಕಾಯಿ ಎಲ್ಲ ನಲ್ಲಿಯ ಕಟ್ಟೆಗೆ ಹೋಯಿತು. ಯಾರ ಮೇಲೂ ಕೋಪಿಸಿಕೊಳ್ಳುವ ಹಾಗಿರಲಿಲ್ಲ. ಎಲ್ಲರೂ ಹಿಡಿದು ಹೋದ ಮೇಲೆ, ಸಣ್ಣಗೆ ಬರುವ ನೀರಿಗೆ ನನ್ನ ಬಿಂದಿಗೆ ಒಡ್ಡಿ ಒಬ್ಬಳೇ ನಿಲ್ಲುತ್ತಿದ್ದೆ.

ಮುಂದಿನ ಬೇಸಿಗೆಗೆ ನನಗೆ ವರ್ಗವಾಯಿತು. ಬಸ್ಸಿಗೆ ಹೊರಟ ದಿನ ಎದುರುಮನೆಯವಳು ಮಗುವನ್ನು ಸೊಂಟದಲ್ಲಿ ಕೂರಿಸಿಕೊಂಡು, ದಾರಿಗೆಂದು ಒಂದು ಚೊಂಬು ನೀರು ತಂದಳು. ನನಗೆ ತಡೆಯಲಾಗಲಿಲ್ಲ. ನಲ್ಲಿ ತಡವಾದದ್ದು ಅವರಿಂದಲ್ಲ, ನನ್ನಿಂದ ಎಂದುಬಿಟ್ಟೆ.

"ನಂಗೊತ್ತು ಅಮ್ಮಾವ್ರೇ," ಅಂದಳು. "ಬಿಂದ್ಗೆ ಇಳಿಸ್ವಾಗ ಗೂಡ್ನಾಗೆ ಪುಸ್ತ್ಕದ ಕೆಳ್ಗೆ ಕಂಡೆ. ಓದಕ್ಕೆ ಬರಾಕಿಲ್ಲ ನಂಗೆ, ನನ್ನ ಎಬ್ಬೆಟ್ಟು ನಂಗೆ ಗೊತ್ತಾಗಾಕಿಲ್ವಾ?"

ಮತ್ತೆ ಯಾರಿಗೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವಳು ಮಗುವನ್ನು ಸೊಂಟದ ಇನ್ನೊಂದು ಪಕ್ಕಕ್ಕೆ ಬದಲಾಯಿಸಿಕೊಂಡಳು.

"ಕೊಟ್ಬುಟ್ರೆ ನೀವು ಒಬ್ರೇ ಆಯ್ತೀರಲ್ಲಾ ಅಂತ ಸುಮ್ಕಾದೆ ಕಣಮ್ಮ."

ಬಸ್ಸಿನಲ್ಲಿ ಆ ಚೊಂಬನ್ನು ತೊಡೆಯ ಮೇಲೆ ಹಿಡಿದುಕೊಂಡೇ ಕೂತಿದ್ದೆ. ಬಿಸಿಲು, ಧೂಳು, ಬಾಯಿ ಒಣಗಿತ್ತು. ಹೊಸ ಊರು ಬರುವ ತನಕ ಅದರಿಂದ ಒಂದು ಗುಟುಕೂ ಕುಡಿಯಲಾಗಲಿಲ್ಲ.